ಎರೆಹೊಲಕ್ಕೆ ತಕ್ಕ ವಿಮಾನ

ರಿಮೋಟ್ ವಿಮಾನದ ಕಿಟ್ ಬರುವ ಡಬ್ಬಿಯ ಮೇಲಿನ ಚಿತ್ರದಲ್ಲಿ ವಿಮಾನ ಸದಾ ಮೂರು ಗಾಲಿಯ ಮೇಲೆ, ಒಪ್ಪವಾಗಿ ಕತ್ತರಿಸಿದ ಹುಲ್ಲಿನಲ್ಲೋ ಡಾಂಬರಿನಲ್ಲೋ ನಿಂತಿರುತ್ತದೆ. ಆಂಧ್ರದ ಕರ್ನೂಲು ಜಿಲ್ಲೆಯ ಆದವಾನಿಯಿಂದ ಆಲೂರಿನ ಕಡೆ ಹೋಗಲಿ, ಕೋಸಿಗಿಯ ಕಡೆ ಹೋಗಲಿ, ಅಂಥ ನೆಲ ಸಿಗುವುದು ಕಷ್ಟ. ಇಲ್ಲಿನದು ಎರೆ. ಮಳೆ ಬಿದ್ದರೆ ಗಾಲಿಗೆ ಮುದ್ದೆಯಾಗಿ ಮೆತ್ತುತ್ತದೆ. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ನಡುವಿನ ತಿಂಗಳುಗಳಲ್ಲಿ ಹತ್ತಿ ನಿಂತಿರುತ್ತದೆ, ಹತ್ತಿ ಬಿಡಿಸಿದ ಮೇಲೂ ಕಟ್ಟಿಗೆ ಹಾಗೇ ನಿಂತಿರುತ್ತದೆ. ಹಾಗಾಗಿ ಈ ಸೀಮೆಯಲ್ಲಿ ವಿಮಾನ ಜೋಡಿಸುವವರು ಮೊದಲು ಮಾಡಬೇಕಾದದ್ದು ಗಾಲಿಗಳನ್ನು ಡಬ್ಬಿಗೇ ವಾಪಸು ಹಾಕುವ ಕೆಲಸ.

ಗಾಲಿ ಹೋದರೆ ನಷ್ಟವೇನೂ ಇಲ್ಲ. ಭಾರ ಇಳಿಯುತ್ತದೆ, ಗಾಳಿಗೆ ಅಡ್ಡವಾಗುವ ತಂತಿ ತಪ್ಪುತ್ತದೆ. ವಿಮಾನವನ್ನು ಕೈಯಿಂದ ಎಸೆದು ಏರಿಸಬೇಕು, ಹೊಟ್ಟೆಯ ಮೇಲೆ ಇಳಿಸಬೇಕು, ಅಷ್ಟೇ. ಆದರೆ ಈ ಒಂದು ತೀರ್ಮಾನ ಉಳಿದದ್ದನ್ನೆಲ್ಲ ಬದಲಿಸುತ್ತದೆ. ರೆಕ್ಕೆ ಒಡಲಿನ ಕೆಳಗಿದ್ದರೆ ಹತ್ತಿ ಕಟ್ಟಿಗೆಗೆ ಸಿಕ್ಕಿ ಸೀಳುತ್ತದೆ, ಆದ್ದರಿಂದ ಅದು ಮೇಲಿರಬೇಕು. ಮೂತಿಯಲ್ಲಿ ತಿರುಗುವ ಪ್ರೊಪೆಲ್ಲರ್ ನೆಲಕ್ಕೆ ಮೊದಲು ತಾಗುತ್ತದೆ. ಅದನ್ನು ನಟ್ಟಿನಿಂದ ಬಿಗಿಯುವ ಬದಲು ರಬ್ಬರ್ ಉಂಗುರದಲ್ಲಿ ಹಿಡಿದಿಡುವ ಪ್ರೊಪ್ ಸೇವರ್ ಹಾಕಿದರೆ ಏಟು ಬಿದ್ದಾಗ ಅದು ಬಾಗಿ ಬಿಟ್ಟುಕೊಡುತ್ತದೆ, ಮೋಟಾರಿನ ಶಾಫ್ಟ್ ಉಳಿಯುತ್ತದೆ. ರೆಕ್ಕೆಯನ್ನೂ ಅಂಟು ಹಾಕಿ ಕೂರಿಸಬಾರದು. ಒಡಲಿಗೆ ಅಡ್ಡವಾಗಿ ಎರಡು ಬಿದಿರು ಕಡ್ಡಿ, ಅವುಗಳ ಮೇಲೆ ಹಾಯ್ದ ರಬ್ಬರ್ ಬ್ಯಾಂಡು. ನೋಡಲು ಒರಟು. ಆದರೆ ರೆಕ್ಕೆಯ ತುದಿ ನೆಲ ತಾಗಿದಾಗ ಬ್ಯಾಂಡು ಜಾರುತ್ತದೆ, ರೆಕ್ಕೆ ಮುರಿಯುವುದಿಲ್ಲ.

ಬಾಲ್ಸಾ ಮರದ ವಿಮಾನ ಚೆಂದ ಎನ್ನುವುದರಲ್ಲಿ ಎರಡು ಮಾತಿಲ್ಲ. ದಕ್ಷಿಣ ಅಮೆರಿಕದ ಈಕ್ವೆಡಾರಿನಿಂದ ಬರುವ ಆ ಹಗುರ ಮರವನ್ನು ಪಕ್ಕೆಲುಬುಗಳಾಗಿ ಕೊಯ್ದು, ಮೇಲೆ ಹಾಳೆ ಹೊದಿಸಿ, ಬೆಳಕಿಗೆ ಹಿಡಿದು ನೋಡುವ ಸುಖ ಬೇರೆ. ಎರೆಹೊಲಕ್ಕೆ ಮಾತ್ರ ಅದು ಹೊಂದದ ಸಂಬಂಧ. ಇಲ್ಲಿ ಸಲ್ಲುವುದು ಫೋಮ್ ಬೋರ್ಡಿನ ರೆಕ್ಕೆ, ಸನ್‌ಪ್ಯಾಕ್ ಶೀಟಿನ ಒಡಲು. ಅಂಗಡಿಗಳ ಫಲಕಕ್ಕೆ, ಚುನಾವಣೆಯಲ್ಲಿ ಅಭ್ಯರ್ಥಿಗಳ ಮುಖಕ್ಕೆ ಬಳಕೆಯಾಗುವ, ಒಳಗೆ ಕೊಳವೆಗಳಿರುವ ಆ ಪ್ಲಾಸ್ಟಿಕ್ ಹಾಳೆ ಫೋಮಿಗಿಂತ ಭಾರ, ಆದರೆ ಜಲ್ಲಿ ಮುಳ್ಳಿಗೆ ಜಗ್ಗುವುದಿಲ್ಲ. ಮತ ಎಣಿಕೆ ಮುಗಿದ ವಾರ ಅದು ಧಾರಾಳವಾಗಿ ಸಿಗುತ್ತದೆ. ಬಾಲದ ಪಟ್ಟಿಯನ್ನು ಆಡಿಸುವ ಪುಟ್ಟ ಮೋಟಾರಾದ ಸರ್ವೋದಿಂದ ಬಾಲಕ್ಕೆ ಹೋಗುವ ಪುಶ್‌ರಾಡಿಗೆ ಸೈಕಲ್ಲಿನ ಸ್ಪೋಕ್ ಕಡ್ಡಿ ಸಾಕು. ಭಾರತದ ಹವ್ಯಾಸಿಗಳಲ್ಲಿ ಇದು ಹಳೆಯ ರೂಢಿ.

ಫೋಮ್ ಬೋರ್ಡನ್ನು ರೆಕ್ಕೆಯ ನುಣುಪಾದ ಬಾಗಿಗೆ ತರುವುದು ಕಷ್ಟವೆನ್ನುವವರಿಗೆ ಒಂದು ಅಡ್ಡದಾರಿ ಉಂಟು. ನ್ಯೂಯಾರ್ಕಿನ ಜಾಹೀರಾತು ಕಲಾವಿದ ರಿಚರ್ಡ್ ಕ್ಲೈನ್ ಕಾಗದದ ವಿಮಾನ ಮಡಚುತ್ತ ಮೆಟ್ಟಿಲಿನಂಥ ರೆಕ್ಕೆಯೊಂದನ್ನು ಕಂಡುಕೊಂಡರು. ಗೆಳೆಯ ಫ್ಲಾಯ್ಡ್ ಫೋಗಲ್‌ಮನ್ ಜೊತೆ 1970ರ ದಶಕದಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಒಂದು ಹಾಳೆಯ ಮುಂದಿನ ಅರ್ಧದ ಮೇಲೆ ಇನ್ನೊಂದು ಹಾಳೆ ಅಂಟಿಸಿದರೆ ಆಯಿತು, ರೆಕ್ಕೆ ಸಿದ್ಧ. ದೊಡ್ಡ ವಿಮಾನಗಳಿಗೆ ಅದು ಹಿಡಿಸಲಿಲ್ಲ. ಫೋಮ್ ವಿಮಾನ ಮಾಡುವವರು ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಕನ್ನಡದವರ ಮಟ್ಟಿಗೆ ಈ ಹವ್ಯಾಸದ ತವರು ಬೆಂಗಳೂರು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನಶಾಸ್ತ್ರ ವಿಭಾಗ ಬಂದ ಮೇಲೆ ವಿಮಾನದ ಹುಚ್ಚು ಹಿಡಿದ ಹುಡುಗರಿಗೆ ಆ ಊರಿನಲ್ಲಿ ಕೊರತೆಯಾಗಲಿಲ್ಲ. ಎನ್‌ಸಿಸಿಯ ವಾಯು ವಿಭಾಗದಲ್ಲಿ ಏರೋಮಾಡೆಲಿಂಗ್ ಪಾಠದ ಭಾಗವೇ ಆಗಿದೆ; ಜಕ್ಕೂರಿನ ವಿಮಾನ ನಿಲ್ದಾಣದಲ್ಲಿ ಹಲವು ವರ್ಷ ನಡೆದ ಅಖಿಲ ಭಾರತ ವಾಯು ಸೈನಿಕ ಶಿಬಿರದಲ್ಲಿ ಮಾದರಿ ವಿಮಾನಗಳ ಸ್ಪರ್ಧೆ ಇರುತ್ತಿತ್ತು. ಈ ಸೀಮೆಯೂ ಕನ್ನಡಕ್ಕೆ ದೂರದ್ದಲ್ಲ: ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಬಳ್ಳಾರಿ ಮೈಸೂರಿಗೆ ಹೋಯಿತು, ಇವು ಆಂಧ್ರಕ್ಕೆ ಬಂದವು. ಇಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರಿನ ಎಸ್.ಪಿ. ರಸ್ತೆ ಒಂದು ರಾತ್ರಿಯ ಹಾದಿ. ಮೋಟಾರು, ಸರ್ವೋ ಎಲ್ಲ ಅಲ್ಲಿಂದ ತರಬಹುದು. ಗಾಳಿಯನ್ನು ಮಾತ್ರ ತರಲಾಗದು. ತಂಪಿನಲ್ಲಿ ಚೆನ್ನಾಗಿ ಹಾರಿದ್ದು ಇಲ್ಲಿನ ಬೇಸಿಗೆಯಲ್ಲಿ ಮುಗ್ಗರಿಸುವುದು ಅದಕ್ಕೇ.

ಲೆಕ್ಕ ಹಾಕಿಯೇ ನೋಡಬಹುದು. ಮೊದಲ ವಿಮಾನಕ್ಕೆ ಒಪ್ಪುವ ಅಳತೆ ಇಟ್ಟುಕೊಳ್ಳೋಣ: ರೆಕ್ಕೆಯ ಉದ್ದ 120 ಸೆಂಟಿಮೀಟರ್, ಅಗಲ 20, ಬ್ಯಾಟರಿ ಸೇರಿ ತೂಕ 800 ಗ್ರಾಂ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ತಂಪಿನಲ್ಲಿ ಒಂದು ಘನಮೀಟರ್ ಗಾಳಿ 1.225 ಕಿಲೋ ತೂಗುತ್ತದೆ. ಆದವಾನಿ ಸುಮಾರು 435 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಯಲ್ಲಿ ಅದೇ ಗಾಳಿ 1.07 ಕಿಲೋಗೆ ಇಳಿಯುತ್ತದೆ. ಎಂಟನೇ ಒಂದು ಪಾಲು ಗಾಳಿಯೇ ಮಾಯ! ಸಮುದ್ರಮಟ್ಟದ ತಂಪಿನಲ್ಲಿ ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿ ತೇಲುವ ಈ ವಿಮಾನಕ್ಕೆ ಇಲ್ಲಿ ಸುಮಾರು 26 ಬೇಕು. ಪ್ರೊಪೆಲ್ಲರಿನ ಎಳೆತವೂ ಗಾಳಿ ತೆಳುವಾದಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಕೈಯಿಂದ ಎಸೆಯುವವನಿಗೆ ಇಂಥ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ: ಡಿಸೆಂಬರ್ ಮುಂಜಾನೆ ಸರಾಗವಾಗಿ ಏರಿದ್ದು ಬೇಸಿಗೆಯಲ್ಲಿ ನಾಲ್ಕು ಮಾರು ಹೋಗಿ ಕೂತುಬಿಡುತ್ತದೆ.

ಇನ್ನು ಆಷಾಢದ ಗಾಳಿ. ಆಸ್ಪರಿಯ ಸುತ್ತ ವಿದ್ಯುತ್ ಕಂಪನಿಗಳು ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಪಡುವಣದಿಂದ ಗಂಟೆಗೆ 25 ಕಿಲೋಮೀಟರ್ ಬೀಸುವಾಗ 26ರಲ್ಲಿ ಹಾರುವ ವಿಮಾನ ಎದುರು ಮುಖ ಮಾಡಿದರೆ ನೆಲದ ಲೆಕ್ಕದಲ್ಲಿ ನಿಂತಲ್ಲೇ ನಿಲ್ಲುತ್ತದೆ. ಬೆನ್ನು ತಿರುಗಿಸಿದರೆ 50ರ ವೇಗದಲ್ಲಿ ಹೊರಟುಹೋಗುತ್ತದೆ. ಹೊಸಬರು ವಿಮಾನ ಕಳೆದುಕೊಳ್ಳುವುದು ಬಹುಮಟ್ಟಿಗೆ ಹೀಗೆ. ಕಲಿಯುವವರಿಗೆ ಒಳ್ಳೆಯ ಕಾಲ ಮಾಗಿಯ ಮುಂಜಾನೆ. ಹತ್ತು ಗಂಟೆ ದಾಟಿದರೆ ಕರಿನೆಲ ಕಾದು ಬಿಸಿಗಾಳಿ ಬುಗ್ಗೆಯಾಗಿ ಏಳತೊಡಗುತ್ತದೆ. ಹದ್ದುಗಳಿಗೆ ಅದು ಹಬ್ಬ, 800 ಗ್ರಾಮಿನ ಫೋಮಿಗಲ್ಲ. ಗಾಳಿಯ ದಿನ ಬಂಡೆಗುಡ್ಡಗಳ ಮರೆಯೂ ಬೇಡ, ಅಲ್ಲಿ ಗಾಳಿ ಸುಳಿ ತಿರುಗಿ ಕೆಳಕ್ಕೆ ಒತ್ತುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ವಿಮಾನದ ಹಣೆಬರಹ ನಿರ್ಧಾರವಾಗುವುದು ಹೊಲದಲ್ಲಲ್ಲ, ಮನೆಯ ಮೇಜಿನ ಮೇಲೆ. ಅಂಟಿಸುವುದು ಎರಡು ಸಂಜೆಯ ಕೆಲಸ. ಹದ ಮಾಡುವುದಕ್ಕೆ ಇನ್ನೆರಡು ಸಂಜೆ ಕೊಡಬೇಕು, ಆದರೆ ಯಾರೂ ಕೊಡುವುದಿಲ್ಲ.

ಮೊದಲು ಭಾರಕೇಂದ್ರ. ಹವ್ಯಾಸಿಗಳು ಸಿಜಿ ಎನ್ನುತ್ತಾರೆ. ರೆಕ್ಕೆಯ ಮುಂದಂಚಿನಿಂದ ಅಗಲದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಅದು ಬೀಳಬೇಕು. 20 ಸೆಂಟಿಮೀಟರಿನ ರೆಕ್ಕೆಗೆ ಐದರಿಂದ ಆರು ಸೆಂಟಿಮೀಟರ್ ಇರಲಿ. ಅಲ್ಲಿ ಗುರುತು ಹಾಕಿ, ಎರಡು ಬೆರಳಿನ ತುದಿಯಲ್ಲಿ ಎತ್ತಿದಾಗ ವಿಮಾನ ಸಮನಾಗಿಯೋ ಮೂತಿ ಕೊಂಚ ಬಾಗಿಯೋ ನಿಲ್ಲಬೇಕು. ಬಾಲ ಬಾಗಿದರೆ ಹಾರಿಸಲೇಬಾರದು. ಮೂತಿ ಭಾರವಾದದ್ದು ಸೋಮಾರಿಯಾಗಿ ಹಾರುತ್ತದೆ. ಬಾಲ ಭಾರವಾದದ್ದು ರಿಮೋಟಿನ ಕೋಲಿಗೆ ಎರಡರಷ್ಟು ಓಗೊಟ್ಟು, ಕೈ ಸುಧಾರಿಸಿಕೊಳ್ಳುವ ಮೊದಲೇ ನೆಲ ಸೇರುತ್ತದೆ. ಸರಿಪಡಿಸಲು ಸೀಸ ಸುರಿಯುವ ಅಗತ್ಯವಿಲ್ಲ. 2200 ಎಂಎಎಚ್‌ನ ಮೂರು ಸೆಲ್ಲಿನ ಲಿಪೊ ಬ್ಯಾಟರಿ ಸುಮಾರು 180 ಗ್ರಾಂ ಇರುತ್ತದೆ, ಅದನ್ನು ಎರಡು ಸೆಂಟಿಮೀಟರ್ ಮುಂದೆ ಸರಿಸಿದರೆ ಸಿಜಿ ನಾಲ್ಕೂವರೆ ಮಿಲಿಮೀಟರ್ ಮುಂದೆ ಬರುತ್ತದೆ. ಬಾಲದಲ್ಲಿ ಅಂಟು ಬಳಿಯುವಾಗ ಕೈ ಬಿಗಿ ಹಿಡಿಯಬೇಕಾದದ್ದೂ ಇದೇ ಲೆಕ್ಕಕ್ಕೆ: 60 ಸೆಂಟಿಮೀಟರ್ ಹಿಂದೆ ಸೇರಿದ 10 ಗ್ರಾಮನ್ನು 20 ಸೆಂಟಿಮೀಟರ್ ಮುಂದಿರುವ ಮೂತಿಯಲ್ಲಿ 30 ಗ್ರಾಮಿನಿಂದ ತೀರಿಸಬೇಕಾಗುತ್ತದೆ.

ಸರ್ವೋ ಕೂರಿಸುವುದಕ್ಕೂ ಒಂದು ಕ್ರಮವಿದೆ. ರಿಸೀವರಿಗೆ ಜೋಡಿಸಿ, ವಿದ್ಯುತ್ ಕೊಟ್ಟು, ಅದು ನಡುವಿಗೆ ಬಂದು ನಿಂತ ಮೇಲೆ ತೋಳನ್ನು ಪುಶ್‌ರಾಡಿಗೆ ಲಂಬವಾಗಿ ಸಿಕ್ಕಿಸಬೇಕು. ಮೊದಲು ಸಿಕ್ಕಿಸಿ ಆಮೇಲೆ ರಿಮೋಟಿನ ಟ್ರಿಮ್ ಗುಂಡಿಯಿಂದ ಎಳೆದಾಡಿದರೆ ಒಂದು ಬದಿಗೆ ಚಲನೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆಯಾಗುತ್ತದೆ. ಆಮೇಲೆ ವಿಮಾನದ ಹಿಂದೆ ನಿಂತು ದಿಕ್ಕು ನೋಡಬೇಕು. ಮುಂದೆ ನಿಂತು ನೋಡಿದವರಿಗೆ ಎಡಬಲ ಕಲೆಸಿಹೋಗುತ್ತದೆ. ಕೋಲು ಬಲಕ್ಕೆ ಹೋದರೆ ಬಲ ರೆಕ್ಕೆಯ ಹಿಂದಂಚಿನ ಪಟ್ಟಿಯಾದ ಏಲೆರಾನ್ ಮೇಲೇಳಬೇಕು, ಎಡದ್ದು ಇಳಿಯಬೇಕು. ತನ್ನ ಕಡೆಗೆ ಎಳೆದರೆ ಬಾಲದ ಪಟ್ಟಿಯಾದ ಎಲಿವೇಟರ್ ಮೇಲೇಳಬೇಕು. ಮೊದಲ ಹಾರಾಟದ ಅಪಘಾತಗಳಲ್ಲಿ ತಿರುಗುಮುರುಗಾದ ಏಲೆರಾನಿನದು ದೊಡ್ಡ ಪಾಲು. ಮಾಡಬೇಕಾದದ್ದು ರಿಮೋಟಿನಲ್ಲಿ ‘ರಿವರ್ಸ್’ ಒತ್ತುವ ಒಂದು ಕ್ಷಣದ ಕೆಲಸ.

ಮೋಟಾರು ಉಲ್ಟಾ ತಿರುಗಿದರೆ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು. ಮೋಟಾರನ್ನು ನೇರವಾಗಿ ಕೂರಿಸದೆ ಎರಡು ಮೂರು ಡಿಗ್ರಿ ಬಲಕ್ಕೂ ಅಷ್ಟೇ ಕೆಳಕ್ಕೂ ಬಾಗಿಸುತ್ತಾರೆ. ಸೊಟ್ಟಗೆ ಕಾಣುತ್ತದೆಂದು ಹೊಸಬರು ನೆಟ್ಟಗೆ ಮಾಡುವುದುಂಟು. ಪ್ರೊಪೆಲ್ಲರಿನ ತಿರುಚು ವಿಮಾನವನ್ನು ಎಡಕ್ಕೆ ಎಳೆಯುತ್ತದೆ, ವೇಗ ಹೆಚ್ಚಿದರೆ ಮೂತಿ ಎತ್ತುತ್ತದೆ. ಆ ಸೊಟ್ಟ ಅದಕ್ಕೆ ಮದ್ದು.

ರೇಡಿಯೊ ಈಗ ತಲೆನೋವಿನ ವಿಷಯವಲ್ಲ. ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಸೋದರರು 1937ರಲ್ಲಿ ‘ಬಿಗ್ ಗಫ್’ ಅನ್ನು ರೇಡಿಯೊದಿಂದ ಹಾರಿಸಿದಾಗ ಅದು ಎಂಟು ಅಡಿ ರೆಕ್ಕೆಯ ವಿಮಾನವಾಗಬೇಕಾಯಿತು, ವಾಲ್ವು ಬ್ಯಾಟರಿಗಳ ಹೊರೆ ಅಷ್ಟಿತ್ತು. ಇಂದಿನ ಆರು ಚಾನೆಲ್ಲಿನ ರಿಸೀವರ್ 15 ಗ್ರಾಂ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಗೆ 2005ರಿಂದ ಪರವಾನಗಿ ಬೇಕಿಲ್ಲ. ಆದರೂ ಒಂದನ್ನು ಬಿಡಬಾರದು, ಫೇಲ್‌ಸೇಫ್: ರಿಮೋಟಿನ ಸಂಪರ್ಕ ತಪ್ಪಿದರೆ ಮೋಟಾರು ತಾನೇ ನಿಲ್ಲುವ ಏರ್ಪಾಡು. ಪ್ರೊಪೆಲ್ಲರ್ ಬಿಚ್ಚಿಟ್ಟು, ಮೋಟಾರು ತಿರುಗುತ್ತಿರುವಾಗ ರಿಮೋಟ್ ಆರಿಸಬೇಕು. ಮೋಟಾರು ನಿಂತರೆ ಸರಿ. ನಿಲ್ಲದಿದ್ದರೆ ಆ ವಿಮಾನವನ್ನು ಮನೆಯಿಂದ ಹೊರಗೆ ತರಬಾರದು.

ಆಕಾಶಕ್ಕೂ ಕಾಗದವಿದೆ. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಮಿನಿಂದ ಎರಡು ಕಿಲೋವರೆಗಿನದು ‘ಮೈಕ್ರೊ’. ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಡ. ಡಿಜಿಟಲ್ ಸ್ಕೈ ನಕ್ಷೆಯ ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಬಹುದು. ನಕ್ಷೆ ನೋಡದೆ ಹೋಗುವುದು ಈ ಜಿಲ್ಲೆಯಲ್ಲಂತೂ ಜಾಣತನವಲ್ಲ: 2021ರಲ್ಲಿ ಓರ್ವಕಲ್ಲಿನಲ್ಲಿ ಕರ್ನೂಲಿನ ವಿಮಾನ ನಿಲ್ದಾಣ ತೆರೆಯಿತು, ಡಿಆರ್‌ಡಿಒದ ಬಯಲು ಪರೀಕ್ಷಾ ಕ್ಷೇತ್ರವೂ ಕರ್ನೂಲಿನಲ್ಲಿದೆ. 2025ರ ಏಪ್ರಿಲ್ 13ರಂದು ಅಲ್ಲಿ ಲೇಸರ್ ಅಸ್ತ್ರವೊಂದು ಸ್ಥಿರ ರೆಕ್ಕೆಯ ಮಾನವರಹಿತ ವಿಮಾನವನ್ನು ಸುಟ್ಟು ಕೆಡವಿತು. ಒಂದೇ ಜಿಲ್ಲೆಯಲ್ಲಿ ಕೆಲವರು ಏರಿಸಲು ಹೆಣಗುತ್ತಾರೆ, ಕೆಲವರು ಇಳಿಸಲು.

ಮೊದಲ ಹಾರಾಟಕ್ಕೆ ಇಬ್ಬರಿರಬೇಕು, ಒಬ್ಬ ಎಸೆಯಲು, ಒಬ್ಬ ಕೋಲು ಹಿಡಿಯಲು. ಗಾಳಿಗೆ ಎದುರಾಗಿ, ಮುಕ್ಕಾಲು ಥ್ರಾಟಲ್ಲಿನಲ್ಲಿ, ಮಟ್ಟವಾಗಿ ಎಸೆತ. ಮೇಲಕ್ಕೆ ಎಸೆದರೆ ವೇಗ ಸಾಲದೆ ಮಗುಚುತ್ತದೆ. ಎರಡು ತಾಳೆಮರದ ಎತ್ತರ ಸಿಕ್ಕ ಮೇಲೆ ಕೋಲು ಬಿಟ್ಟು ನೋಡಬೇಕು, ಎಡಕ್ಕೆ ವಾಲಿದರೆ ಟ್ರಿಮ್ ಬಲಕ್ಕೆ. ಸರಾಸರಿ ಹತ್ತು ಆಂಪಿಯರ್ ಎಳೆದರೆ ಬ್ಯಾಟರಿಯ ಐದರಲ್ಲಿ ನಾಲ್ಕು ಪಾಲು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಏಳಕ್ಕೇ ಇಳಿಸುವುದು ಮೇಲು. ಇಳಿಸಿದ ಮೇಲೆ ಟ್ರಿಮ್ ಎಷ್ಟು ಸರಿದಿದೆಯೋ ಅಷ್ಟನ್ನು ಪುಶ್‌ರಾಡಿನ ಉದ್ದದಲ್ಲಿ ಸರಿಪಡಿಸಿ, ಗುಂಡಿಯನ್ನು ನಡುವಿಗೆ ತರಬೇಕು.

ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ಇದ್ದೇ ಇರುತ್ತದೆ, ವಿಮಾನ ಅದನ್ನೇ ಹುಡುಕಿಕೊಂಡು ಹೋಗುತ್ತದೆ. ರೆಕ್ಕೆಗೆ ತೂತು ಬಿದ್ದರೆ ಟೇಪು ಅಂಟಿಸಬಹುದು. ಲಿಪೊದ ಚೀಲ ಮೆತ್ತಗಿನದು, ಅದಕ್ಕೆ ಮುಳ್ಳು ಚುಚ್ಚಿದರೆ ಹೊಗೆ, ಹೊಗೆಯ ಹಿಂದೆ ಬೆಂಕಿ. ಬೇಸಿಗೆಯ ಒಣ ಕಟ್ಟಿಗೆಯ ನಡುವೆ ಅದು ಆಟವಲ್ಲ. ಪೊದೆಯಿಂದ ಎಳೆಯುವಾಗ ಮೊದಲು ಬ್ಯಾಟರಿ ಬಿಚ್ಚಿ, ಉಬ್ಬಿದೆಯೇ, ಚುಚ್ಚಿದೆಯೇ ನೋಡಿ, ದೂರದ ಬರಿನೆಲದಲ್ಲಿ ಅರ್ಧ ಗಂಟೆ ಇಟ್ಟು ಕಾಯಬೇಕು. ಸರಿಯಿದ್ದರೆ ಮನೆಯಲ್ಲಿ ಪ್ರತಿ ಸೆಲ್ಲನ್ನು 3.8 ವೋಲ್ಟಿಗೆ ತಂದು ಮಣ್ಣಿನ ಕುಂಡದಲ್ಲಿಡಬೇಕು. ಮುಂದಿನ ಹಾರಾಟದ ಹಿಂದಿನ ರಾತ್ರಿಯಷ್ಟೇ 4.2ಕ್ಕೆ ಏರಿಸಬೇಕು, ಅದೂ ಎದುರಿಗೆ ಕೂತು.