ವಾಲಿಯ ಪ್ರಶ್ನೆ, ರಾಮನ ಉತ್ತರ: ಮೊಬೈಲಿನಲ್ಲಿ ತಾಳಮದ್ದಳೆ

ಇಂಟರ್ನೆಟ್ಟಿನಿಂದ ಗಡಿನಾಡಿನ ಕನ್ನಡಕ್ಕೆ ಬಲ ಬಂತು ಅಂತ ನಾವೆಲ್ಲ ಹೇಳ್ತೇವೆ. ಬಂದದ್ದು ಹೌದು. ಆದರೆ ಯಾವ ಬಗೆಯ ಬಳಕೆಯಿಂದ? ಕಾಸರಗೋಡಿನ ತಾಳಮದ್ದಳೆಯನ್ನು ಮುಂದಿಟ್ಟುಕೊಂಡು ಇದನ್ನು ನೋಡಬಹುದು.

ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಅದಕ್ಕೆ ಅರ್ಥಧಾರಿಗಳು ಕೂತಲ್ಲೇ ಕಟ್ಟುವ ಮಾತು, ಇಷ್ಟೇ ಬಂಡವಾಳ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು, ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥಗಾರಿಕೆ, ಎಲ್ಲ ಈ ನೆಲದ್ದೇ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಸುತ್ತಲಿನ ವ್ಯವಹಾರದಲ್ಲಿ ಮಲಯಾಳ ಬೆಳೆದಂತೆ, ಕನ್ನಡದಲ್ಲಿ ಉದ್ದಕ್ಕೆ ವಾದ ಮಾಡಲು, ಎದುರಿನವನ ಮಾತನ್ನು ಪೂರ್ತಿ ಕೇಳಲು ಕಲಿಸುವ ಜಾಗವಾಗಿ ಈ ಕೂಟ ಉಳಿಯಿತು.

ಈಗ ವಾಲಿವಧೆಯನ್ನು ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ವಾಲಿ ಕೇಳ್ತಾನೆ. ರಾಮ ಉತ್ತರಿಸಲೇಬೇಕು. ಆ ಉತ್ತರ ವಾಲಿಯನ್ನೂ ನಮ್ಮನ್ನೂ ಒಪ್ಪಿಸ್ತದೋ ಇಲ್ಲವೋ ಅನ್ನುವಲ್ಲಿ ಪ್ರಸಂಗದ ಜೀವ ಇದೆ. ಒಂದು ನಿಮಿಷದ ತುಣುಕು ಏನು ಮಾಡ್ತದೆ? ವಾಲಿಯ ಖಾರದ ಪ್ರಶ್ನೆಗೆ ಚಪ್ಪಾಳೆ ಬಿದ್ದಲ್ಲಿಗೆ ಕತ್ತರಿಸ್ತದೆ. ರಾಮ ಬಾಯಿ ತೆರೆಯುವ ಮೊದಲೇ ಬೆರಳು ಮುಂದಿನ ವಿಡಿಯೋಕ್ಕೆ ಜಾರಿರ್ತದೆ. ಎಷ್ಟು ಹೊತ್ತು ನೋಡಿದರು, ಎಷ್ಟು ಜನ ಹಂಚಿದರು ಅಂತ ಅಲ್ಗಾರಿದಮ್ಮು ಲೆಕ್ಕ ಇಡಬಲ್ಲದು. ಒಂದು ಮಾತು ಯಾವ ಮಾತಿಗೆ ಉತ್ತರ ಅನ್ನೋದು ಆ ಲೆಕ್ಕದಲ್ಲಿ ಬರುವುದಿಲ್ಲ. ಹೀಗಾಗಿ ಸಂವಾದದ ಕಲೆ ಬರೀ ಚಟಾಕಿಯಾಗಿ ನಮಗೆ ತಲುಪ್ತದೆ.

ತುಣುಕೇ ಬೇಡ ಅಂತ ನನ್ನ ವಾದ ಅಲ್ಲ. ಕೂಟವನ್ನೇ ನೋಡದ ಹುಡುಗನಿಗೆ ಅದು ಬಾಗಿಲು ಆಗಬಹುದು. ಬಾಗಿಲಿನ ಹಿಂದೆ ಮನೆ ಇರಬೇಕು, ಅಷ್ಟೆ. ಆ ಮನೆಯೂ ಇದೇ ಇಂಟರ್ನೆಟ್ಟಿನಲ್ಲಿ ಇದೆ. ಇಡೀ ಕೂಟದ ನೇರ ಪ್ರಸಾರ ಇದೆ; ಹಳೇ ಧ್ವನಿಸುರುಳಿಗಳನ್ನು, ಪ್ರಸಂಗದ ಪ್ರತಿಗಳನ್ನು ಉಳಿಸಿ ಹಂಚುವ ಆಸಕ್ತರೂ ಇದ್ದಾರೆ. ಗಲ್ಫಿನಲ್ಲಿ ದುಡಿಯುವ ಮಗ, ಊರಿನಲ್ಲಿರುವ ಅಪ್ಪ ಒಂದೇ ಕೂಟವನ್ನು ಪೂರ್ತಿ ಕೇಳಿ, ಫೋನಿನಲ್ಲಿ “ರಾಮ ಇವತ್ತು ಸೋತ ಅಲ್ವಾ ಅಪ್ಪಾ?” ಅಂತ ಜಗಳ ಮಾಡಿದರೆ, ಅಲ್ಲಿ ತಾಳಮದ್ದಳೆ ಮುಂದುವರಿದಿದೆ.

ಹಾಗಾಗಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಸೂಚನೆ. ತುಣುಕು ಹಂಚುವಾಗ ಪ್ರಸಂಗ, ಭಾಗವತರು, ಅರ್ಥಧಾರಿಗಳು, ಸ್ಥಳ, ದಿನಾಂಕ ಬರೆಯಿರಿ. ಪೂರ್ತಿ ಕೂಟದ ಕೊಂಡಿ ಹಾಕಿ. ಸಿಕ್ಕವರಿಗೆಲ್ಲ ಕಳಿಸುವ ಬದಲು, ಉತ್ತರ ಕೊಡಬಲ್ಲ ಒಬ್ಬರಿಗೆ ಒಂದು ಪ್ರಶ್ನೆ ಸೇರಿಸಿ ಕಳಿಸಿ. ಅವರ ಉತ್ತರಕ್ಕೆ ಕಾಯಿರಿ.