ತೊಗಲು ಒಳಗೆ, ನಂದ ಹೊರಗೆ

ನನ್ನ ಸೋದರಮಾವ ಕೆ.ಜಿ.ಎಫ್. ಗಣಿಯಲ್ಲಿ ಕೆಲಸಕ್ಕಿದ್ದ. ಶಾಲೆಗೆ ರಜೆ ಬಂದರೆ ಸಾಕು, ಬಂಗಾರಪೇಟೆಯಲ್ಲಿ ರೈಲು ಹತ್ತಿ ಅವನ ಲೈನ್ ಮನೆಗೆ ಓಡುತ್ತಿದ್ದೆ. ತಗಡಿನ ಸೂರು, ಮನೆಗೆ ಮನೆ ಅಂಟಿಕೊಂಡ ಸಾಲು. ಒಬ್ಬರ ಮನೆಯ ಕೆಮ್ಮು ಇನ್ನೊಬ್ಬರ ಮನೆಗೆ ಕೇಳುತ್ತಿತ್ತು, ಒಬ್ಬರ ಮನೆಯ ಹಾಡೂ ಅಷ್ಟೇ. ಪಕ್ಕದ ಮನೆಯ ತಮಿಳು ತಾತ ಗಣಿಯಲ್ಲಿ ದುಡಿದು ಎದೆಗೂಡು ಕೆಟ್ಟು ನಿವೃತ್ತನಾದವನು. ಸಂಜೆ ಹೊತ್ತು ಟೇಪ್ ರೆಕಾರ್ಡರ್ ಹಾಕಿಕೊಂಡು ಹೊಸಿಲ ಮೇಲೆ ಕೂರುತ್ತಿದ್ದ. ಅದರಲ್ಲಿ ಹೆಚ್ಚಾಗಿ ಎಂ.ಎಂ. ದಂಡಪಾಣಿ ದೇಶಿಕರ್ ಹಾಡಿದ ನಂದನಾರ್ ಹಾಡುಗಳು. ‘ವರುಗಲಾಮೋ’ ಎಂಬುದನ್ನು ನಾನು ಮೊದಲು ಕೇಳಿದ್ದು ಆ ಹೊಸಿಲಲ್ಲೇ.

ಏನು ತಾತಾ ಇದು ಅಂದೆ.

‘ಬರ್ಲಾ ಸಾಮಿ ಅಂತ ಕೇಳ್ತಾನಪ್ಪಾ. ಬಾಗ್ಲಾಚೆ ನಿಂತ್ಕೊಂಡು ಕೇಳ್ತಾನೆ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ನನ್ನ ನೆಲದೊಳಕ್ಕೆ ಎರಡು ಮೈಲಿ ಇಳಿಸ್ದಾಗ ಯಾವನೂ ಜಾತಿ ಕೇಳ್ಲಿಲ್ಲ. ನಾನೂ ಬರ್ಲಾ ಅಂತ ಕೇಳ್ಲಿಲ್ಲ. ದೇವ್ರ ಮನೆಗೆ ಮಾತ್ರ ಕೇಳ್ಬೇಕು, ನೋಡು’ ಅಂತ ನಕ್ಕ, ನಗುವುದರೊಳಗೆ ಕೆಮ್ಮಿದ. ಆಮೇಲೆ ಟೇಪನ್ನು ಹಿಂದಕ್ಕೆ ಸುತ್ತಿ ಅದೇ ಹಾಡನ್ನು ಮತ್ತೆ ಹಾಕಿದ.

ಹಾಡನ್ನು ಗೇಲಿ ಮಾಡಿದವನೇ ಅದನ್ನು ಮತ್ತೆ ಯಾಕೆ ಹಾಕಿದ? ಚಳವಳಿಯ ದಿನಗಳಲ್ಲಿ ನಂದನನ್ನು ‘ಶರಣಾಗತಿಯ ಸಂತ’ ಎಂದು ಒಂದೇ ಏಟಿಗೆ ಪಕ್ಕಕ್ಕಿಟ್ಟ ಗೆಳೆಯರ ನಡುವೆಯೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಹಾಡಿನ ಹಿಂದಿರುವ ಕತೆ ಹಳೆಯದು. ಸುಂದರರ್ ಎಂಬ ನಾಯನಾರ್ ತನ್ನ ಭಕ್ತರ ಪಟ್ಟಿಯಲ್ಲಿ ‘ತಿರುನಾಳೈಪ್ಪೋವಾರ್’ ಎಂದು ಹೆಸರಷ್ಟೇ ಹೇಳಿ ಮುಂದೆ ಹೋಗುತ್ತಾನೆ. ‘ನಾಳೆ ಹೋಗುತ್ತೇನೆ ಎನ್ನುವವನು’ ಎಂದು ಅದರ ಅರ್ಥ. ಹೆಸರಿಗೆ ಮೈ ಬರುವುದು 12ನೇ ಶತಮಾನದಲ್ಲಿ, ಸೇಕ್ಕಿಳಾರ್‌ನ ಪೆರಿಯಪುರಾಣದಲ್ಲಿ. ಅಲ್ಲಿ ನಂದ ಆದನೂರಿನ ಹೊಲಗೇರಿಯವನು. ದೇವಸ್ಥಾನದ ಭೇರಿಗಳಿಗೆ ತೊಗಲು, ಅದನ್ನು ಬಿಗಿಯುವ ಬಾರು, ವೀಣೆಗೆ ನರದ ತಂತಿ, ಪೂಜೆಗೆ ಗೋರೋಚನ ಇವನ್ನೆಲ್ಲ ಒದಗಿಸುವವನು ಅವನೇ. ತಿರುಪ್ಪುಂಗೂರಿಗೆ ಹೋದರೆ ಶಿವ ಕಾಣದಂತೆ ನಂದಿ ಅಡ್ಡ ಕೂತಿರುತ್ತದೆ, ಶಿವ ಹೇಳಿದ ಮೇಲೆ ಸರಿಯುತ್ತದೆ. ಚಿದಂಬರಕ್ಕೆ ಹೋದರೆ ಊರಿನ ಎಲ್ಲೆಯನ್ನೇ ಸುತ್ತುತ್ತಾನೆ, ಒಳಗೆ ಹೋಗಲಾರ. ಕೊನೆಗೆ ಬ್ರಾಹ್ಮಣರು ಬೆಂಕಿ ಹಾಕುತ್ತಾರೆ, ನಂದ ಅದರೊಳಕ್ಕೆ ನಡೆಯುತ್ತಾನೆ, ಎದೆಯ ಮೇಲೆ ಜನಿವಾರ ಹೊತ್ತು ಮುನಿಯ ವೇಷದಲ್ಲಿ ಹೊರಬರುತ್ತಾನೆ. ಒಳಗೆ ಹೋದವನು ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಸೇಕ್ಕಿಳಾರ್ ಒಂದು ವಿಷಯವನ್ನು ಮುಚ್ಚಿಟ್ಟಿಲ್ಲ, ಅದಕ್ಕೆ ಅವನಿಗೆ ಋಣಿಯಾಗಿರಬೇಕು. ನಂದ ಹದಮಾಡಿದ ತೊಗಲು ಗರ್ಭಗುಡಿಯ ಎದುರೇ ಇದೆ. ಅದರ ಸದ್ದಿಲ್ಲದೆ ಮಂಗಳಾರತಿ ಆಗುವುದಿಲ್ಲ. ದನದ ತೊಗಲಿಗೆ ಬೆಂಕಿ ಬೇಕಾಗಲಿಲ್ಲ, ಮನುಷ್ಯನ ತೊಗಲಿಗೆ ಬೇಕಾಯಿತು.

ಏಳು ಶತಮಾನಗಳಾದ ಮೇಲೆ ಈ ಕತೆಯನ್ನು ಹಾಡಾಗಿಸಿದವನು ಗೋಪಾಲಕೃಷ್ಣ ಭಾರತಿ. ನಾಗಪಟ್ಟಿಣದ ಹತ್ತಿರದ ನರಿಮಣಂನಲ್ಲಿ ಹುಟ್ಟಿದ ಬ್ರಾಹ್ಮಣ. ಅವನ ‘ನಂದನಾರ್ ಚರಿತ್ತಿರಂ’ 1861ರ ಸುಮಾರಿಗೆ ಅಚ್ಚಾಯಿತು, ಕಾರೈಕಾಲಿನ ಫ್ರೆಂಚ್ ಅಧಿಕಾರಿಯೊಬ್ಬ ಅದಕ್ಕೆ ನೆರವಾದ. ‘ವರುಗಲಾಮೋ’ ಇರುವುದು ಇದರಲ್ಲೇ, ಮಾಂಜಿ ರಾಗದಲ್ಲಿ. ಭಾರತಿ ಮಾಡಿದ ದೊಡ್ಡ ಬದಲಾವಣೆ ಎಂದರೆ ಪುರಾಣದಲ್ಲಿ ಇಲ್ಲದ ಒಬ್ಬ ಜಮೀನ್ದಾರನನ್ನು ತಂದು ನಿಲ್ಲಿಸಿದ್ದು. ಆತ ವೇದಿಯರ್, ಬ್ರಾಹ್ಮಣ ಒಡೆಯ. ನಂದ ಅವನ ಜೀತದಾಳು. ಚಿದಂಬರಕ್ಕೆ ಹೋಗಬೇಕಾದರೆ 40 ವೇಲಿ, ಅಂದರೆ 250 ಎಕರೆಗೂ ಮೀರಿದ ಗದ್ದೆಯ ಬೇಸಾಯ ಮುಗಿಸಿ ಹೋಗು ಎನ್ನುತ್ತಾನೆ. ಒಂದೇ ರಾತ್ರಿಯಲ್ಲಿ ಶಿವನ ಗಣಗಳು ಬಂದು ಮುಗಿಸಿಕೊಡುತ್ತವೆ.

ತಂಜಾವೂರು ಸೀಮೆಯ ಜೀತವನ್ನು ಒಬ್ಬ ಬ್ರಾಹ್ಮಣ ಕವಿ ಕಣ್ಣಾರೆ ಕಂಡು ಹೀಗೆ ಒಳಗೆ ತಂದದ್ದು ಸಣ್ಣ ಮಾತಲ್ಲ. ಮುಂದೆ ಸುಬ್ರಮಣ್ಯ ಭಾರತಿ ಕಲೆಕ್ಟರ್ ವಿಂಚ್ ಮತ್ತು ವ.ಉ. ಚಿದಂಬರಂ ಪಿಳ್ಳೆಯವರ ವಾಗ್ವಾದವನ್ನು ಬರೆದಾಗ ಈ ಒಡೆಯ–ಆಳಿನ ಹಾಡುಗಳ ಮಟ್ಟನ್ನೇ ಹಿಡಿದ. ಬ್ರಿಟಿಷ್ ಸಾಹೇಬನಿಗೆ ವೇದಿಯರನ ಮಟ್ಟು ಸರಿಯಾಗಿ ಕೂತಿತು! ಆದರೆ ಗದ್ದೆ ಉತ್ತವರು ಯಾರು? ಗಣಗಳು. ಆ ನೆಲವನ್ನು ತಲೆಮಾರುಗಳಿಂದ ಉತ್ತ ಕೈಗಳ ಲೆಕ್ಕ ಒಂದು ಪವಾಡದಲ್ಲಿ ಅಳಿಸಿಹೋಯಿತು. ಜೊತೆಗೆ, ನಂದ ಗದ್ದೆಯಾಳು ಆದ ಕೂಡಲೇ ತೊಗಲಿನ ಕೆಲಸ ಹಿನ್ನೆಲೆಗೆ ಸರಿಯಿತು. ಇವತ್ತು ಸಂಗೀತ ರಸಿಕರಿಗೆ ಗೊತ್ತಿರುವ ನಂದ ಭಾರತಿಯ ನಂದ. ಅವನಿಗೆ ಕಣ್ಣೀರಿದೆ, ಕಸುಬಿಲ್ಲ.

ಈ ನಂದ ಗ್ರಾಮಫೋನಿಗೆ, ಸಿನಿಮಾಕ್ಕೆ ಬಂದ ಕಾಲವನ್ನು ಗಮನಿಸಬೇಕು. 1932ರಲ್ಲಿ ಪೂನಾ ಒಪ್ಪಂದ. ಅದರ ಬೆನ್ನಿಗೆ ಗಾಂಧೀಜಿಯ ಹರಿಜನ ಪ್ರವಾಸ. ನಂದನನ್ನು ಗಾಂಧೀಜಿ ಸತ್ಯಾಗ್ರಹಿಯ ಮಾದರಿಯಾಗಿ ಮತ್ತೆ ಮತ್ತೆ ನೆನೆಯುತ್ತಿದ್ದರು. 1935ರಲ್ಲಿ ‘ಭಕ್ತ ನಂದನಾರ್’ ತೆರೆಗೆ ಬಂತು. ನಂದನ ಪಾತ್ರ ಮಾಡಿದ್ದು ಕೆ.ಬಿ. ಸುಂದರಾಂಬಾಳ್. 1933ರಲ್ಲಿ ಕಿಟ್ಟಪ್ಪ ತೀರಿಕೊಂಡ ಮೇಲೆ ಬಿಳಿ ಸೀರೆ ಉಟ್ಟು, ಗಂಡಸರಿಗೆ ಜೋಡಿಯಾಗಿ ನಟಿಸುವುದಿಲ್ಲ ಎಂದು ಕೂತಿದ್ದ ಹೆಣ್ಣುಮಗಳು ಆಕೆ. ಒಂದು ಲಕ್ಷ ರೂಪಾಯಿ ಸಂಭಾವನೆ ಕೊಟ್ಟು ಕರೆತಂದರು. (ವಿಧವೆ ಹೆಣ್ಣೊಬ್ಬಳು ಹೊಲೆಯನ ವೇಷದಲ್ಲಿ ನಿಂತು ‘ಒಳಗೆ ಬರಲೇ’ ಎನ್ನುವುದರ ಬಗ್ಗೆಯೇ ಬೇರೊಂದು ಲೇಖನ ಬೇಕು. ನಮ್ಮ ಹೆಣ್ಣುಮಕ್ಕಳು ಬರೆಯಲಿ.) ಅದೇ 1935ರ ಅಕ್ಟೋಬರಿನಲ್ಲಿ ಯೇವಲಾದಲ್ಲಿ ಬಾಬಾಸಾಹೇಬರು ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ನಾಸಿಕದ ಕಾಳಾರಾಮ ಮಂದಿರದ ಬಾಗಿಲಲ್ಲಿ ವರ್ಷಗಟ್ಟಲೆ ನಿಂತು ನೋಡಿದ ಮೇಲೆ ಬಂದ ಮಾತು ಅದು. ಒಂದು ಕಡೆ ಬರಲೇ ಎಂಬ ಹಾಡು, ಇನ್ನೊಂದು ಕಡೆ ಹೊರಟೆ ಎಂಬ ಘೋಷಣೆ.

ದೇಶಿಕರ್ ನಂದನಾದದ್ದು 1942ರಲ್ಲಿ, ಎಸ್.ಎಸ್. ವಾಸನ್ ಅವರ ಜೆಮಿನಿ ಚಿತ್ರದಲ್ಲಿ. ಅವರದು ಓದುವಾರ್ ಮನೆತನ. ದೇವಸ್ಥಾನದ ಒಳಗೆ ನಿಂತು ತೇವಾರ ಹಾಡುವುದು ಹಕ್ಕಾಗಿ ಬಂದವರು. ಮುಂದೆ ಚಿದಂಬರದ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲೇ ಸಂಗೀತ ಕಲಿಸಿದರು. ಅಂದರೆ ಯಾವ ಊರಿಗೆ ಬರಲೇ ಎಂದು ನಂದ ಕೇಳಿದನೋ ಆ ಊರಲ್ಲಿ ಅವರಿಗೆ ಕುರ್ಚಿ ಇತ್ತು. ಒಳಗಿನವನು ಹೊರಗಿನವನ ದನಿಯಲ್ಲಿ ಹಾಡಿದ್ದು ಕಪಟ ಅಂತ ನಾನು ಹೇಳಲಾರೆ. ಆ ಕಂಠ ತೆರೆದ ಕಂಠ, ಮುಚ್ಚುಮರೆಯಿಲ್ಲದ್ದು. ಕಛೇರಿಯ ನಯನಾಜೂಕು ಅದರಲ್ಲಿಲ್ಲ, ಗುಡಿಯ ಕಲ್ಲುಕಂಬಗಳ ನಡುವೆ ಎಲ್ಲರಿಗೂ ಕೇಳಬೇಕು ಎಂದು ಹಾಡಿ ಬೆಳೆದದ್ದು. ಕೇಳಿದರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಅದಕ್ಕೇ ಅನುಮಾನವೂ ಬರುತ್ತದೆ.

ಏಕೆಂದರೆ ಈ ಹಾಡು ಒಂದು ಪ್ರಶ್ನೆ. ಉತ್ತರ ಕೊಡುವ ಅಧಿಕಾರವನ್ನು ಅದು ಒಳಗಿರುವವರ ಕೈಯಲ್ಲೇ ಬಿಡುತ್ತದೆ. ಸಭಾಂಗಣದಲ್ಲಿ ಕೂತವರು ಪ್ರತಿ ಸಲವೂ ಕೇಳಿಸಿಕೊಳ್ಳುವವರಾಗುತ್ತಾರೆ, ಅನುಮತಿ ಕೊಡಬಲ್ಲವರಾಗುತ್ತಾರೆ. ಕರಗುತ್ತಾರೆ, ‘ಭೇಷ್’ ಅನ್ನುತ್ತಾರೆ, ಎದ್ದು ಮನೆಗೆ ಹೋಗುತ್ತಾರೆ. ಡಿ.ಆರ್. ನಾಗರಾಜ್ ಗಾಂಧಿ–ಅಂಬೇಡ್ಕರ್ ಮುಖಾಮುಖಿಯನ್ನು ಆತ್ಮಶುದ್ಧಿ ಮತ್ತು ಆತ್ಮಗೌರವ ಎಂಬ ಎರಡು ನೆಲೆಗಳಲ್ಲಿ ಓದಿದ್ದರು. ಆತ್ಮಶುದ್ಧಿ ಸವರ್ಣೀಯರು ಮಾಡಿಕೊಳ್ಳಬೇಕಾದ ಕೆಲಸ. ನಂದನ ಕತೆಯಲ್ಲಿ ಬೆಂಕಿಗೆ ಇಳಿದವನು ಯಾರು? ಕೊಳೆ ಯಾರದೋ, ಸ್ನಾನ ಯಾರಿಗೋ.

ಇದೇ ಹಾಡಿಗೆ ಪಕ್ಕದಲ್ಲಿ ಮೃದಂಗ ನುಡಿಯುತ್ತಿರುತ್ತದಲ್ಲ, ಅದರ ಮೇಲಿನದು ಹಸು, ಎಮ್ಮೆ, ಆಡಿನ ತೊಗಲು. ಅದನ್ನು ಆರಿಸಿ, ಹದಮಾಡಿ, ಬಿಗಿದು ಕೊಡುವವರಲ್ಲಿ ಬಹುಪಾಲು ದಲಿತರು, ದಲಿತ ಕ್ರೈಸ್ತರು. ಪಾಲಘಾಟ್ ಮಣಿ ಅಯ್ಯರ್ ಅವರ ನಾದದ ಹಿಂದೆ ಪರ್ಲಾಂದು ಎಂಬ ಕಸುಬುದಾರನಿದ್ದ. 2020ರಲ್ಲಿ ಗಾಯಕ ಟಿ.ಎಂ. ಕೃಷ್ಣ ಈ ಮನೆತನಗಳ ಬಗ್ಗೆ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕ ಬರೆದರು. ಅದರ ಬಿಡುಗಡೆಗೆ ಸಭಾಂಗಣ ಕೊಡುತ್ತೇನೆಂದಿದ್ದ ಚೆನ್ನೈನ ಕಲಾಕ್ಷೇತ್ರ, ಹಸುವಿನ ತೊಗಲಿನ ಭಾಗ ಪತ್ರಿಕೆಯಲ್ಲಿ ಬಂದ ಕೂಡಲೇ ಹಿಂದೆ ಸರಿಯಿತು. ಮೃದಂಗ ಬರಬಹುದು, ಅದರ ಕತೆ ಬರಬಾರದು. ಸೇಕ್ಕಿಳಾರ್ 12ನೇ ಶತಮಾನದಲ್ಲಿ ಸಲೀಸಾಗಿ ಹೇಳಿದ್ದು 21ನೇ ಶತಮಾನಕ್ಕೆ ಮೈಲಿಗೆಯಾಯಿತು.

ಬೆಂಕಿಯ ಮಾತು ಬಂದದ್ದಕ್ಕೆ ಇನ್ನೊಂದನ್ನು ಬಿಡುವ ಹಾಗಿಲ್ಲ. ಗೋಪಾಲಕೃಷ್ಣ ಭಾರತಿ ಹುಟ್ಟಿದ ಅದೇ ನಾಗಪಟ್ಟಿಣದ ಸೀಮೆಯಲ್ಲಿ ಕೀಳ್ವೆಣ್ಮಣಿ ಇದೆ. 1968ರ ಡಿಸೆಂಬರ್ 25ರ ರಾತ್ರಿ, ಕೂಲಿ ಹೆಚ್ಚಿಗೆ ಕೇಳಿದ ಕೇರಿಯ 44 ಜನ, ಹೆಚ್ಚಿನವರು ಹೆಂಗಸರು ಮಕ್ಕಳು, ಒಂದು ಗುಡಿಸಲಲ್ಲಿ ಸುಟ್ಟುಹೋದರು. 1973ರಲ್ಲಿ ಹೈಕೋರ್ಟು ಜಮೀನ್ದಾರರನ್ನು ಬಿಟ್ಟಿತು. ಆ ಬೆಂಕಿಯಿಂದ ಯಾರೂ ಜನಿವಾರ ಹಾಕಿಕೊಂಡು ಹೊರಬರಲಿಲ್ಲ. ಇಂದಿರಾ ಪಾರ್ಥಸಾರಥಿಯವರ ‘ನಂದನ್ ಕದೈ’ ನಾಟಕ ಈ ತಿಳಿವಳಿಕೆಯಿಂದಲೇ ಹಳೆಯ ಕತೆಯನ್ನು ತಿರುವಿ ಹಾಕಿತು. ಅಲ್ಲಿ ನಂದನ ಅಗ್ನಿಪ್ರವೇಶ ಪವಾಡವಲ್ಲ, ಸಂಚು.

ಹಾಗಾದರೆ ಹಾಡನ್ನು ಬಿಸಾಕೋಣವೇ? ಬಿಸಾಕಬೇಕು ಎನ್ನುವವರು ಎರಡು ಸಂಗತಿಗಳಿಗೆ ಉತ್ತರ ಹೇಳಲಿ. ಸ್ವಾಮಿ ಸಹಜಾನಂದರು 1916ರಲ್ಲಿ ಚಿದಂಬರದಲ್ಲೇ ನಮ್ಮ ಮಕ್ಕಳಿಗೆ ಶಾಲೆ ಕಟ್ಟಿ ಅದಕ್ಕೆ ನಂದನಾರ್ ಹೆಸರಿಟ್ಟರು. ಬೆಂಕಿ ಬಿಟ್ಟರು, ಹೆಸರು ಉಳಿಸಿಕೊಂಡರು. 1948ರಲ್ಲಿ ಬಾಬಾಸಾಹೇಬರು ‘ದಿ ಅನ್‌ಟಚಬಲ್ಸ್’ ಪುಸ್ತಕವನ್ನು ಅರ್ಪಿಸಿದ್ದು ನಂದನಾರ್, ರವಿದಾಸ್, ಚೋಖಾಮೇಳಾ ಈ ಮೂವರ ನೆನಪಿಗೆ. ಗುಡಿಯ ಬಾಗಿಲು ಬಿಟ್ಟು ಬಂದವರೇ ಬಾಗಿಲಲ್ಲಿ ನಿಂತವನನ್ನು ಬಿಟ್ಟುಕೊಡಲಿಲ್ಲ. ನಂದ ಯಾರ ಆಸ್ತಿ ಎಂಬ ಜಗಳದಲ್ಲಿ ನಮ್ಮ ಪಾಲನ್ನು ಅವರು ಬರೆದಿಟ್ಟು ಹೋಗಿದ್ದಾರೆ. ಕೆ.ಜಿ.ಎಫ್. ತಾತ ಟೇಪನ್ನು ಹಿಂದಕ್ಕೆ ಸುತ್ತಿದ್ದೂ ಅದಕ್ಕೇ ಇರಬೇಕು ಎಂದು ನನಗೆ ಈಗ ಅನ್ನಿಸುತ್ತದೆ. ಸಭಾಂಗಣದವರು ತಮ್ಮನ್ನು ಯಾರೋ ಕೇಳುತ್ತಿರುವುದನ್ನು ಕೇಳುತ್ತಾರೆ. ತಾತ ಕೇಳಿಸಿಕೊಳ್ಳುತ್ತಿದ್ದದ್ದು ನಿಂತವನನ್ನು. ಒಂದೇ ರೆಕಾರ್ಡು, ಎರಡು ಕಿವಿ.

ಗಣಿ 2001ರಲ್ಲಿ ಮುಚ್ಚಿತು. ತಾತ ಅದಕ್ಕೂ ಮೊದಲೇ ಹೋಗಿದ್ದ.

ಕೆಲವು ವರ್ಷಗಳ ಹಿಂದೆ ನೆಂಟರ ಮದುವೆಗೆಂದು ಮೈಸೂರು ಕಡೆ ಹೋದವನು ಅಪ್ಪನನ್ನು ನಂಜನಗೂಡಿಗೆ ಕರೆದುಕೊಂಡು ಹೋಗಿದ್ದೆ. ಶ್ರೀಕಂಠೇಶ್ವರನ ಗುಡಿಯಲ್ಲಿ ಅರವತ್ತುಮೂವರು ಪುರಾತನರ ವಿಗ್ರಹಗಳ ಸಾಲಿದೆ. ನಂದನೂ ಆ ಅರವತ್ತುಮೂವರಲ್ಲಿ ಒಬ್ಬ. ಇವನು ನಮ್ಮವನು ಕಣಪ್ಪಾ, ತೊಗಲು ಹದ ಮಾಡ್ತಿದ್ದೋನು, ಎಂದು ಕತೆ ಶುರುಮಾಡಿದೆ. ಅಪ್ಪ ಊರಲ್ಲಿ ತಮಟೆ ಕಟ್ಟುವವನು. ನನ್ನ ಕತೆಗೆ ಕಿವಿ ಕೊಡಲಿಲ್ಲ. ಒಳಗೆ ಮಂಗಳಾರತಿಗೆ ನಗಾರಿ ಹೊಡೆಯುತ್ತಿದ್ದರು, ಅತ್ತ ತಲೆ ವಾಲಿಸಿ ನಿಂತಿದ್ದ.

‘ತೊಗ್ಲು ಸಡ್ಲ ಆಗೈತೆ. ಒಂಚೂರು ಬೆಂಕಿ ತೋರಿಸ್ಬೇಕು’ ಅಂದ.