ಕೊಯ್ಲಿಲ್ಲದ ಗೋಧಿ

ಶ್ರಾವಣದಲ್ಲಿ ಸಂಡೂರಿನ ಕಡೆ ಗೋಧಿ ಬಿತ್ತುತ್ತಾರೆ ಅಂದರೆ ರೈತರು ನಕ್ಕಾರು. ಅದು ಹಿಂಗಾರಿಯ ಬೆಳೆ, ಚಳಿ ಬೇಡುವಂಥದ್ದು. ಮುಂಗಾರಿನಲ್ಲಿ ಇಲ್ಲಿ ಮೆಕ್ಕೆಜೋಳ, ಸಜ್ಜೆ, ಶೇಂಗಾದ್ದೇ ಮಾತು. ಆದರೂ ತೀಜ್ ಹಬ್ಬ ಬಂತೆಂದರೆ ಲಂಬಾಣಿ ತಾಂಡಾಗಳಲ್ಲಿ ಮದುವೆಯಾಗದ ಹುಡುಗಿಯರು ಬುಟ್ಟಿಗಟ್ಟಲೆ ಗೋಧಿ ಬಿತ್ತುತ್ತಾರೆ. ತೆನೆಗಲ್ಲ, ಕಾಳಿಗೂ ಅಲ್ಲ. ಒಂಬತ್ತು ದಿನ ನೀರೆರೆದು, ಸುತ್ತ ಹಾಡಿ ಕುಣಿದು, ಕೊನೆಗೆ ನೀರಿಗೆ ಬಿಡುವುದಕ್ಕೆ. ಈ ಅಂಕಣದಲ್ಲಿ ಎಷ್ಟೋ ಬಗೆಯ ತೋಟಗಳ ಮಾತಾಗಿದೆ. ತಲೆಯ ಮೇಲೆ ಹೊತ್ತುಕೊಂಡು ಹೋಗುವ ತೋಟ ಇದೊಂದೇ.

ತೋಟಗಾರಿಕೆಯ ಕಣ್ಣಿನಿಂದ ನೋಡಿದರೆ ಇದರ ಜಾಣತನವೆಲ್ಲ ಬುಟ್ಟಿಯ ತಳದಲ್ಲಿದೆ. ಹುತ್ತದ ಮಣ್ಣು, ಒಣಗಿದ ಆಡಿನ ಹಿಕ್ಕೆ. ಹುತ್ತದ ಮಣ್ಣು ಗೆದ್ದಲು ಆಳದಿಂದ ತಂದು ಕಟ್ಟಿದ್ದು: ನುಣುಪು ಜಾಸ್ತಿ, ಕಳೆಬೀಜ ಕಡಿಮೆ. ಆದರೆ ಬರೀ ಅದನ್ನೇ ತುಂಬಿದರೆ ನೀರು ಬಿದ್ದು ಆರಿದ ಮೇಲೆ ಇಟ್ಟಿಗೆಯಾಗುತ್ತದೆ. ಅದಕ್ಕೇ ಹಿಕ್ಕೆ. ಪುಡಿ ಮಾಡಿ ಬೆರೆಸಿದರೆ ಮಣ್ಣಿನ ನಡುವೆ ಗಾಳಿ ಉಳಿಯುತ್ತದೆ, ಒದ್ದೆಯೂ ನಿಲ್ಲುತ್ತದೆ, ಹಸಿ ಸಗಣಿಯ ಹಾಗೆ ಕಾವು ಏರಿ ಮೊಳಕೆ ಸುಡುವುದಿಲ್ಲ. ನೆನೆಸಿದ ಕಾಳನ್ನು ಒತ್ತೊತ್ತಾಗಿ ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದರೆ ಬಿತ್ತನೆ ಮುಗಿಯಿತು. ಬಿದಿರ ಬುಟ್ಟಿಯ ಸಂದಿಗಳಲ್ಲಿ ಹೆಚ್ಚಿನ ನೀರು ಸೋರಿಹೋಗುತ್ತದೆ. ಇದೇ ಕಾಳನ್ನು ತೂತಿಲ್ಲದ ಪ್ಲಾಸ್ಟಿಕ್ ಟಬ್ಬಿನಲ್ಲಿ ಹಾಕಿ ನೋಡಿ, ನಾಲ್ಕೈದು ದಿನದಲ್ಲಿ ಬುಡದಲ್ಲಿ ಬೂಷ್ಟು. ಕತ್ತಲಲ್ಲೇ ಬೆಳೆದರೆ ಸಸಿ ಹಳದಿ, ಬೆಳಕು ಕಂಡರೆ ಹಸಿರು. ನನಗೆ ಹಳದಿಯದೇ ಮೆಚ್ಚು. ದಿವಸಕ್ಕೊಂದು ಬೆರಳುದ್ದ ಏಳುತ್ತಿದೆಯೋ ಏನೋ ಅನ್ನಿಸುವಷ್ಟು ಬಿರುಸು ಅದರದು.

ಬಿತ್ತನೆಯ ದಿನ ಇನ್ನೊಂದು ಆಟವಿದೆ. ಬಾರೆ ಗಿಡದ ಮುಳ್ಳುಗಳಿಗೆ ಹುಡುಗಿಯರು ನೆನೆದ ಕಡಲೆ ಚುಚ್ಚಬೇಕು. ಹುಡುಗರು ಕೀಟಲೆ ಮಾಡಿ ಕೈ ತಪ್ಪಿಸಲು ನೋಡುತ್ತಾರೆ. ಇದಕ್ಕೆಲ್ಲ ಮೊದಲು ತಾಂಡಾದ ನಾಯಕನ ಒಪ್ಪಿಗೆ ಕೇಳಬೇಕು. ನಾಯಕ, ಡಾವೊ, ಕಾರಭಾರಿ ಎಂಬ ಮೂವರು ಮುಖಂಡರು ಸೇರಿ ನಡೆಸುವ ಊರಿನಲ್ಲಿ ವರ್ಷಕ್ಕೊಮ್ಮೆ ಮೇಳದ ಯಜಮಾನಿಕೆ ಹುಡುಗಿಯರ ಕೈಗೆ ಬರುತ್ತದೆ. ವ್ರತ ಹಿಡಿದವರು ಉಪ್ಪು ಖಾರ ಬಿಡುವುದೂ ಉಂಟು. ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು ಹೇರಿ ದೇಶ ಸುತ್ತಿದ ಲಂಬಾಣಿಗರ ಮನೆಯಲ್ಲೇ ಉಪ್ಪು ಬಿಡುವ ಈ ವ್ರತ, ನೋಡಿ!

ಕೊನೆಯ ದಿನದ ಮುನ್ನಾದಿನ ಧಮೋಳಿ ಎಂಬ ಆಚರಣೆ. ರೊಟ್ಟಿ ಮುರಿದು ಬೆಲ್ಲ, ತುಪ್ಪ ಹಾಕಿ ಕಲಸಿದ ಚುರ್ಮೊ ದೇವಿಗೆ ಎಡೆಯಾಗಿ, ಆಮೇಲೆ ಎಲ್ಲರ ಅಂಗೈಗೆ ಬರುತ್ತದೆ. ಮರುದಿನ ಸಸಿ ಕೀಳುತ್ತಾರೆ. ಹಿರಿಯರ ರುಮಾಲಿಗೆ ಒಂದೊಂದು ಎಳೆ ಸಿಕ್ಕಿಸಿ, ಉಳಿದದ್ದನ್ನು ಹೊತ್ತು ಹಳ್ಳಕ್ಕೋ ಕೆರೆಗೋ ನಡೆಯುತ್ತಾರೆ. ಹಾಡು ಅಳುವಾಗುವುದು ಅಲ್ಲಿ. ಮುಂದಿನ ತೀಜಿಗೆ ಯಾರು ತವರಿನಲ್ಲಿರುತ್ತಾರೋ, ಯಾರು ಗಂಡನ ಮನೆಯಲ್ಲೋ. ಕಬ್ಬು ಕಡಿಯಲು ಗುಳೆ ಹೋಗುವ ಮನೆಗಳಿಗೆ, ಎಲ್ಲರೂ ಒಟ್ಟಿಗಿರುವ ಕಾಲವೂ ಇದೇ.

ಲಂಬಾಣಿ ಕಲೆ ಅಂದೊಡನೆ ನಮಗೆ ನೆನಪಾಗುವುದು ಕಸೂತಿ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1,755 ತುಣುಕುಗಳು 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಗಿನ್ನೆಸ್ ದಾಖಲೆಯಾದವು. ಸಂತೋಷವೇ. ಹೊಲಿಗೆ ಚೌಕಟ್ಟಿಗೆ ಬರುತ್ತದೆ, ಮಾರಾಟಕ್ಕೆ ಬರುತ್ತದೆ, ಆ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸೂ ಬರುತ್ತದೆ. ಬುಟ್ಟಿಯ ಗೋಧಿ ಯಾವುದಕ್ಕೂ ಬರುವುದಿಲ್ಲ. ಮಹಾನಗರಗಳ ಗ್ಯಾಲರಿಗಳಲ್ಲಿ ಈಗ ಗೊಬ್ಬರದ ಗುಂಡಿ ತೋಡಿ, ಸೊಪ್ಪು ಬೆಳೆದು, ಬಂದವರಿಗೆ ಅಡುಗೆ ಬಡಿಸುವುದನ್ನು ಸಮುದಾಯ ಕಲೆ ಎಂದು ಕರೆಯುತ್ತಾರೆ. ಅದರಲ್ಲಿ ಚೆನ್ನಾದದ್ದೂ ಇದೆ. ಆದರೆ ಅಲ್ಲಿ ಮಾಡುವವರು ಒಬ್ಬರು, ನೋಡುವವರು ಇನ್ನೊಬ್ಬರು. ತಾಂಡಾದಲ್ಲಿ ನೋಡುವುದಕ್ಕೆಂದು ಬೇರೆ ಯಾರೂ ಉಳಿಯುವುದಿಲ್ಲ. ಈ ಒಂದು ಕಾರಣಕ್ಕೇ ನಾನು ತೀಜ್ ಬುಟ್ಟಿಗೆ ಮೇಲಿನ ಮಣೆ ಹಾಕುತ್ತೇನೆ.

  

ತೀಜ್ ನೋಡಬೇಕೆನ್ನುವವರಿಗೆ: ಒಂದೊಂದು ತಾಂಡಾದ ದಿನ ಒಂದೊಂದು, ಮೊದಲೇ ವಿಚಾರಿಸಿಕೊಳ್ಳಿ. ಹೋದ ಕೂಡಲೇ ನಾಯಕರನ್ನು ಕಂಡು ಮಾತಾಡಿಸಿ. ಬುಟ್ಟಿ ಮುಟ್ಟಬೇಡಿ, ಮೊಬೈಲು ಎತ್ತುವ ಮೊದಲು ಹುಡುಗಿಯರನ್ನೇ ಕೇಳಿ. ಬರಿಗೈಲಿ ಹೋಗುವುದಕ್ಕಿಂತ ಎರಡು ಕಿಲೊ ಬೆಲ್ಲ ಒಯ್ದರೆ ಒಳ್ಳೆಯದು, ಚುರ್ಮೊಗೆ ಆದೀತು.